ಆಂಡೀಸ್ ಮಲೆಸೀಮೆಯ ಕೆಚುವಾ ಹೆಸರುಗಳು: ಗಿರಿನಾಮಗಳೂ ಜಿಲ್ಲಾನಾಮಗಳೂ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಕಾಶ್ ಎಂಬ ಸೀಮೆಯೊಳಗೆ, ಸ್ಪ್ಯಾನಿಷರು 'ಬಿಳಿಯ ಶ್ರೇಣಿ' ಎಂದು ಕರೆದ ಹಿಮಪರ್ವತಪಂಕ್ತಿಯೊಂದಿದೆ. ಅದರ ಶಿಖರಗಳಲ್ಲೊಂದು 6,108 ಮೀಟರು ಎತ್ತರದ್ದು. ಭೂಪಟದಲ್ಲಿ ರೋಮನ್ ಅಕ್ಷರಗಳಿಂದ ಬರೆದಿರುವ ಆ ಶಿಖರದ ಹೆಸರನ್ನು ಇಂಗ್ಲಿಷಿನ ಅಭ್ಯಾಸಬಲದಿಂದ ಓದಿ ಕನ್ನಡಕ್ಕಿಳಿಸಿದರೆ 'ಚಕ್ರರಾಜು' ಎಂದಾಗುತ್ತದೆ. ಇದು ಸಂಸ್ಕೃತ ಸಮಾಸವೇ ಸರಿ ಎಂದು ಯಾರಿಗಾದರೂ ತೋರಿದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಅಲ್ಲಿ ಚಕ್ರವೂ ಇಲ್ಲ, ರಾಜನೂ ಇಲ್ಲ. ಕೆಚುವಾ ಭಾಷೆಯಲ್ಲಿ 'ಚಕ್ರ' ಎಂದರೆ ಉತ್ತು ಬೆಳೆಯುವ ಹೊಲ. 'ರಹು' ಎಂದರೆ ಹಿಮ, ಹಿಮವನ್ನು ಹೊತ್ತ ಶಿಖರ. ಹಕಾರಕ್ಕೆ ಹತ್ತಿರವಾದ ಧ್ವನಿಯನ್ನು ಸ್ಪ್ಯಾನಿಷರು ರೋಮನ್ ಲಿಪಿಯ ಜೆ ಅಕ್ಷರದಿಂದ ಬರೆಯುವ ವಾಡಿಕೆಯುಳ್ಳವರಾದ್ದರಿಂದ ರಹುವು ನಮ್ಮ ಕಣ್ಣಿಗೆ ರಾಜುವಾಯಿತು. ಹೆಸರುಗಳ ಅರ್ಥವನ್ನು ಹುಡುಕುವುದಕ್ಕೆ ಮೊದಲು ಅವು ಯಾರ ಕಿವಿಯಿಂದ ಕೇಳಲ್ಪಟ್ಟು ಯಾರ ಕೈಯಿಂದ ಬರೆಯಲ್ಪಟ್ಟುವೆಂಬುದನ್ನು ವಿಚಾರಿಸಬೇಕೆಂಬುದೇ ಪ್ರಕೃತ ಲೇಖನದ ವಿಷಯ.

ಕೆಚುವಾ ಎಂಬುದು ಒಂದೇ ಭಾಷೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ವಸ್ತುತಃ ಅದು ಒಂದು ಭಾಷಾವರ್ಗ. 1960ರ ದಶಕದ ಮೊದಲಲ್ಲಿ ಪಾರ್ಕರ್, ತೊರೇರೊ ಎಂಬ ಇಬ್ಬರು ವಿದ್ವಾಂಸರು ಒಬ್ಬರನ್ನೊಬ್ಬರು ಅವಲಂಬಿಸದೆ ಇದನ್ನು ಎರಡು ಕವಲುಗಳಾಗಿ ವಿಂಗಡಿಸಿದರು. ಆಂಕಾಶ್, ವಾನುಕೊ, ಹುನಿನ್ ಮೊದಲಾದ ಮಧ್ಯ ಪೆರುವಿನ ಸೀಮೆಗಳದು ಒಂದು ಕವಲು. ಕುಸ್ಕೊ, ಆಯಾಕುಚೊಗಳನ್ನೂ ದೂರದ ಎಕ್ವದೋರನ್ನೂ ಒಳಗೊಂಡದ್ದು ಮತ್ತೊಂದು. ಈ ಭೇದವು ಭೂಪಟದ ಮೇಲೆಯೇ ಕಾಣುತ್ತದೆ. ಬೆಟ್ಟಕ್ಕೆ ಕುಸ್ಕೊವಿನವರು 'ಉರ್ಕು' ಎಂದರೆ ಆಂಕಾಶಿನವರು 'ಹಿರ್ಕ' ಎನ್ನುತ್ತಾರೆ. ನೀರಿಗೆ ಅವರು 'ಉನು' ಎಂದರೆ ಇವರು 'ಯಾಕು' ಎನ್ನುತ್ತಾರೆ. ಮೇಲೆ ಹೇಳಿದ 'ರಹು' ಕೂಡ ಬೇರೆಡೆಗಳಲ್ಲಿ 'ರಸು', 'ಲಸು' ಎಂದಿದೆ. ಆಯಾಕುಚೊ ಸೀಮೆಯ ರಸುವಿಲ್ಕ, ಹುನಿನಿನ ಲಸುಂತಾಯ್ ಎಂಬ ಶಿಖರಗಳ ಹೆಸರಿನ ಮೊದಲ ಪದವೂ ಆಂಕಾಶಿನ ಶಿಖರಗಳ ಕೊನೆಯ ಪದವೂ ಒಂದೇ. ಸಕಾರವು ಹಕಾರವಾಗುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಭಾಷೆಯನ್ನಾಡುವವರು ತಮ್ಮ ನುಡಿಯನ್ನು ಬಹುಮಟ್ಟಿಗೆ 'ರುನ ಸಿಮಿ' ಎಂದು ಕರೆಯುತ್ತಾರೆ. 'ರುನ' ಎಂದರೆ ಮನುಷ್ಯ, 'ಸಿಮಿ' ಎಂದರೆ ಬಾಯಿ, ಮಾತು. 'ಕೆಚುವಾ' ಎಂಬುದಾದರೋ ಮೂಲತಃ ಭೂಮಿಯ ಹೆಸರು: ಅತಿ ಚಳಿಯೂ ಅತಿ ಸೆಕೆಯೂ ಇಲ್ಲದ, ಮೆಕ್ಕೆಜೋಳ ಬೆಳೆಯುವ ಕಣಿವೆ. ಪೆರುವಿನ ಭೂಗೋಳಜ್ಞ ಹಾವಿಯೆರ್ ಪುಲ್ಗಾರ್ ವಿದಾಲನು 1941ರಲ್ಲಿ ತನ್ನ ದೇಶವನ್ನು ಎಂಟು ನೈಸರ್ಗಿಕ ವಲಯಗಳಾಗಿ ವಿಂಗಡಿಸಿದಾಗ ಹೊಸ ಪಾರಿಭಾಷಿಕ ಶಬ್ದಗಳನ್ನು ಕಟ್ಟಲಿಲ್ಲ. ಜನರ ಬಾಯಲ್ಲಿದ್ದ ಹೆಸರುಗಳನ್ನೇ ಆಯ್ದುಕೊಂಡನು. 500ರಿಂದ 2,300 ಮೀಟರಿನವರೆಗೆ ಬೆಚ್ಚನೆಯ ಯುಂಗ; ಅಲ್ಲಿಂದ 3,500ರವರೆಗೆ ಕೆಚುವಾ; 4,000ದವರೆಗೆ ಸುನಿ; ಅದಕ್ಕೂ ಮೇಲೆ 4,800ರವರೆಗೆ ಹುಲ್ಲುಗಾವಲಿನ ಪುನ; ಅದರಾಚೆ ಬಂಡೆ ಹಿಮಗಳ ಹಾಂಕ. ಪೂರ್ವದ ಇಳಿಜಾರಿನ ಬಿಸಿಯ ಕಾಡಿಗೆ 'ರುಪ ರುಪ' ಎಂದು ಹೆಸರು. ನಾವು 'ಬಿಸಿಬಿಸಿ' ಎನ್ನುವ ಹಾಗೆಯೇ ಅವರೂ ದ್ವಿರುಕ್ತಿಯಿಂದ ಆಧಿಕ್ಯವನ್ನು ಹೇಳುತ್ತಾರೆ. ಆಯಾಕುಚೊ ಸೀಮೆಯ 'ಸಾರ ಸಾರ' ಎಂಬ ಪರ್ವತದ ಹೆಸರಿನಲ್ಲಿಯೂ ಇದೇ ದ್ವಿರುಕ್ತಿ. 'ಸಾರ' ಎಂದರೆ ಮೆಕ್ಕೆಜೋಳ.

ಇನ್ನು ಧ್ವನಿಗಳ ವಿಚಾರ. ಕೆಚುವಾದಲ್ಲಿ ಮೂಲಸ್ವರಗಳು ಅ, ಇ, ಉ ಎಂಬ ಮೂರೇ. ಆದರೆ ಕಿರುನಾಲಗೆಯ ಬಳಿ ಹುಟ್ಟುವ ಒಂದು ಕಕಾರವು ಆ ಭಾಷೆಯಲ್ಲಿದೆ. ಅದರ ಪಕ್ಕದಲ್ಲಿ ಇಕಾರವು ಎಕಾರದಂತೆಯೂ ಉಕಾರವು ಒಕಾರದಂತೆಯೂ ಕೇಳಿಸುತ್ತದೆ. ಹೀಗಾಗಿ 'ಕುಚ' (ಸರೋವರ) ಎಂಬುದು ಭೂಪಟಗಳಲ್ಲಿ 'ಕೊಚ' ಎಂದೂ 'ಉರ್ಕು' ಎಂಬುದು 'ಒರ್ಕೊ', 'ಒರ್ಹೊ' ಎಂದೂ ನಾನಾ ರೂಪಗಳಲ್ಲಿ ಬರುತ್ತದೆ. ಸ್ವರಗಳು ಮೂರೋ ಐದೋ ಎಂಬುದು ಅಲ್ಲಿ ಇಂದಿಗೂ ಆರದ ವಿವಾದ. 1975ರಲ್ಲಿ ಪೆರು ಸರಕಾರವು ಕೆಚುವಾವನ್ನು ಅಧಿಕೃತ ಭಾಷೆಯೆಂದು ಘೋಷಿಸಿದಾಗ ಐದು ಸ್ವರಗಳ ವರ್ಣಮಾಲೆಯನ್ನೂ, 1985ರಲ್ಲಿ ಮೂರು ಸ್ವರಗಳ ವರ್ಣಮಾಲೆಯನ್ನೂ ಅಂಗೀಕರಿಸಿತು. ಕುಸ್ಕೊವಿನ ಭಾಷಾ ಅಕಾಡೆಮಿಯವರು ಮಾತ್ರ ಐದನ್ನು ಬಿಟ್ಟುಕೊಡಲಿಲ್ಲ. ಒಂದೇ ಬೆಟ್ಟಕ್ಕೆ ಮೂರು ವರ್ಣವಿನ್ಯಾಸಗಳಿರುವುದಕ್ಕೆ ಇದೂ ಒಂದು ಕಾರಣ.

ವಕಾರದ ಗತಿ ಇನ್ನೂ ವಿಚಿತ್ರ. ಸ್ಪ್ಯಾನಿಷಿನಲ್ಲಿ ಈ ಧ್ವನಿಗೆ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ಎಚ್, ಯು ಎಂಬ ಎರಡು ಅಕ್ಷರಗಳನ್ನು ಕೂಡಿಸಿ ಬರೆದರು. ಆ ಎಚ್ ಅಕ್ಷರಕ್ಕೆ ಉಚ್ಚಾರವೇ ಇಲ್ಲ. ಪೆರುವಿನ ಅತ್ಯುನ್ನತ ಶಿಖರವನ್ನು (6,768 ಮೀಟರು) ನಮ್ಮವರು 'ಹುವಾಸ್ಕರಾನ್' ಎಂದು ಬರೆಯುವುದು ಈ ಮೂಕ ಅಕ್ಷರದ ಮೋಸ, ಅದು ವಾಸ್ಕರಾನ್. ಹಾಗೆಯೇ ವಾರಾಸ್, ವಾಂಕಾಯೊ. ಶಕಾರವೂ ಸ್ಪ್ಯಾನಿಷಿನವರನ್ನು ಪೀಡಿಸಿದೆ. ಇಟಲಿಯಿಂದ ಬಂದು ಪೆರುವಿನಲ್ಲಿ ನೆಲಸಿದ ಆಂತೊನಿಯೊ ರೈಮೊಂದಿಯು 1873ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿ ಆಂಕಾಶ್ ಎಂಬುದನ್ನು 'ಆಂಕಾಚ್ಸ್' ಎಂದು ಓದುವಂತೆ ಅಚ್ಚುಮಾಡಿದೆ. ಒಂದು ಶಕಾರಕ್ಕಾಗಿ ಮೂರು ರೋಮನ್ ಅಕ್ಷರಗಳು ವ್ಯಯವಾದುವು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಪರಿಚಿತವಾದ ಒಂದು ಸಂಗತಿಯೂ ಇಲ್ಲುಂಟು. ಕೆಚುವಾದಲ್ಲಿ ಬಯಲಿಗೆ 'ಪಂಪ' ಎಂದು ಹೆಸರು. (ಆದಿಕವಿಯ ಹೆಸರಿಗೂ ಹಂಪೆಯ ಹೆಸರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಹೇಳಬೇಕಾಗಿರುವುದು ಖೇದಕರ, ಧ್ವನಿಸಾಮ್ಯವನ್ನು ಕಂಡಲ್ಲೆಲ್ಲ ನಂಟು ಕಟ್ಟುವ ಚಪಲ ನಮ್ಮಲ್ಲಿ ಕಡಿಮೆಯಾಗಿಲ್ಲ.) ಈ ಪಂಪವು ಊರುಗಳ ಹೆಸರಿನಲ್ಲಿ ಉರುಬಂಬ, ವಿಲ್ಕಬಂಬ, ಪೊಮಬಂಬ, ಕೊಚಬಂಬ ಎಂದು 'ಬಂಬ'ವಾಗುತ್ತದೆ. ನದಿಗಳ ಕೂಡಲಿಗೆ 'ತಿಂಕು' ಎಂದಿದ್ದದ್ದು 'ತಿಂಗೊ' ಆಗುತ್ತದೆ. ಬಾಗಿಲಿಗೆ 'ಪುಂಕು' ಎಂದಿದ್ದದ್ದು ನದಿ ನುಗ್ಗಿ ಹರಿಯುವ ಕಂದರಕ್ಕೆ 'ಪೊಂಗೊ' ಎಂಬ ಹೆಸರಾಗುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ಗ ದ ಬ ಆದೇಶವೂ, ಕಣ್ ಎಂಬುದರ ಮುಂದೆ ಪನಿಯು ಬಂದು ಕಂಬನಿಯಾಗುವ ಬಗೆಯೂ ನೆನಪಿಗೆ ಬರುತ್ತವೆ. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ಕನ್ನಡದಲ್ಲಿ 'ಮಳೆಗಾಲ' ಎಂಬಲ್ಲಿ ಅನುನಾಸಿಕವಿಲ್ಲದೆಯೂ ಆದೇಶ ಬರುತ್ತದೆ. ಅಲ್ಲಿ ಮುಖ್ಯವಾಗಿ ಅನುನಾಸಿಕದ ಮುಂದಣ ವ್ಯಂಜನವೇ ಘೋಷವಾಗುತ್ತದೆ. ಪಂಪದ ಮೊದಲ ಪಕಾರವು ಬಕಾರವಾದದ್ದು ಸ್ಪ್ಯಾನಿಷರ ಬಾಯಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡದ್ದರಿಂದ ಎಂದು ತೋರುತ್ತದೆ. ಆದರೆ ಅನುನಾಸಿಕದ ಮುಂದಣ ಘೋಷವನ್ನು ಸ್ಪ್ಯಾನಿಷರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು ಮೊದಲು ಕಲಿತದ್ದು ಕಡಲತೀರದ ಕೆಚುವಾವನ್ನು; ಆ ಪ್ರಭೇದದಲ್ಲಿಯೇ ಈ ಘೋಷವಿತ್ತು. ದೊಮಿಂಗೊ ದೆ ಸಾಂತೊ ತೊಮಾಸ್ ಎಂಬ ಪಾದ್ರಿಯು 1560ರಲ್ಲಿ ಅಚ್ಚುಹಾಕಿಸಿದ ಮೊತ್ತಮೊದಲ ಕೆಚುವಾ ವ್ಯಾಕರಣವೂ ನಿಘಂಟೂ ಅದನ್ನು ದಾಖಲೆ ಮಾಡಿವೆ. ಕಡಲತೀರದ ಆ ನುಡಿ ಅಳಿದುಹೋಯಿತು. ಅದರ ಉಚ್ಚಾರವು ಬೆಟ್ಟದ ಊರುಗಳ ಹೆಸರುಗಳಲ್ಲಿ ಉಳಿದುಕೊಂಡಿತು. ರಾಜಧಾನಿಯಾದ ಲಿಮಾದ ಹೆಸರೂ ಅದರ ಕೊಡುಗೆಯೇ. 'ರಿಮಕ್' ಎಂದರೆ ಮಾತಾಡುವವನು. ನದಿಗೆ ರಿಮಕ್ ಎಂದೇ ಹೆಸರು ನಿಂತಿತು. ಪಟ್ಟಣದಲ್ಲಿ ರೇಫವು ಲಕಾರವಾಗಿ ಕೊನೆಯ ಕಕಾರವು ಲೋಪವಾಗಿ ಲಿಮಾ ಆಯಿತು. ಬೆಟ್ಟದ ಮೇಲಣ ಅಪುರಿಮಕ್ ಎಂಬುದು 'ಮಾತಾಡುವ ಒಡೆಯ'.

ಪದಗಳನ್ನು ಕೂಡಿಸುವ ಕ್ರಮದಲ್ಲಿ ಕೆಚುವಾ ನಮಗೆ ಪರಕೀಯವೆನಿಸುವುದಿಲ್ಲ. ವಿಶೇಷಣ ಮೊದಲು, ವಿಶೇಷ್ಯ ಅನಂತರ. 'ಯಾನ' ಕಪ್ಪು, 'ಕುಚ' ಕೆರೆ. ಯಾನಕೊಚ ಎಂದರೆ ಕರಿಗೆರೆ. ಪುಕರಾನ್ರ ಎಂಬ ಶಿಖರ ಕೆಂಪು ಕಲ್ಲುರಾಶಿ. ಪಾಲ್ಕರಹು ಕವಲೊಡೆದ ಹಿಮಗಿರಿ. ತೊಕ್ಲರಹು ಉರುಲಿನ, ಎಂದರೆ ಬಲೆಯ, ಹಿಮಗಿರಿ. ಸ್ಪ್ಯಾನಿಷಿನಲ್ಲಿ ಜಾತಿವಾಚಕವು ಮುಂದೆ ಬರುವುದರಿಂದ ಭೂಮಾಪಕರು ಇವುಗಳ ಹಿಂದೆ ತಮ್ಮ 'ನೆವಾದೊ' (ಹಿಮಗಿರಿ), 'ಲಗುನ' (ಕೆರೆ), 'ಸೆರೊ' (ಬೆಟ್ಟ) ಎಂಬ ಶಬ್ದಗಳನ್ನು ಸೇರಿಸಿದರು. ಆಗ 'ಲಗುನ ಯಾನಕೊಚ' ಎಂಬುದು 'ಕೆರೆ ಕರಿಗೆರೆ' ಎಂದಾಯಿತು. ಈ ಪುನರುಕ್ತಿಯನ್ನು ನೋಡಿ ನಗುವುದಕ್ಕಿಂತ ಉಪಯೋಗಿಸಿಕೊಳ್ಳುವುದು ಲೇಸು: ಹೆಸರನ್ನು ಬರೆದುಕೊಂಡವನಿಗೆ ಅದರ ಅರ್ಥ ತಿಳಿದಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಆಡಳಿತವಿಭಾಗಗಳ ಹೆಸರುಗಳ ಚರಿತ್ರೆ ಬೇರೆ ತೆರನಾದುದು. ಪೆರುವಿನಲ್ಲಿ ದೊಡ್ಡ ವಿಭಾಗಗಳು 24, ಅವುಗಳೊಳಗೆ ಪ್ರಾಂತಗಳು, ಪ್ರಾಂತಗಳೊಳಗೆ ಜಿಲ್ಲೆಗಳು. ಒಟ್ಟು ಪ್ರಾಂತಗಳು 196, ಜಿಲ್ಲೆಗಳು 1,800ಕ್ಕೂ ಮಿಗಿಲು. ಆದ್ದರಿಂದ ಅಲ್ಲಿಯ ಜಿಲ್ಲೆಯೆಂದರೆ ನಮ್ಮ ಜಿಲ್ಲೆಯಲ್ಲ. ನಮ್ಮ ಹೋಬಳಿಗೆ ಹೋಲಿಸಬಹುದಾದಷ್ಟು ಚಿಕ್ಕ ಘಟಕ. ಇಂಕಾ ಅರಸರ ರಾಜ್ಯಕ್ಕೆ 'ತವಂತಿನ್‌ಸುಯು', ನಾಲ್ಕು ಭಾಗಗಳ ಕೂಟ, ಎಂದು ಹೆಸರಿತ್ತು. 1570ರ ದಶಕದಲ್ಲಿ ವೈಸರಾಯ್ ತೊಲೇದೊ ಚದರಿದ್ದ ಹಳ್ಳಿಗಳ ಜನರನ್ನು ಒಕ್ಕಲೆಬ್ಬಿಸಿ ಹೊಸ ಊರುಗಳಲ್ಲಿ ಕೂಡಿಹಾಕಿದಾಗ ಆ ಊರುಗಳಿಗೆ ಕ್ರೈಸ್ತ ಸಂತರ ಹೆಸರುಗಳು ಬಂದುವು. ಎಷ್ಟೋ ಕಡೆ ಸಂತನ ಹಿಂದೆ ಹಳೆಯ ಹೆಸರು ಬಾಲದಂತೆ ಉಳಿಯಿತು. 1821ರಲ್ಲಿ ಸ್ವಾತಂತ್ರ್ಯವು ಘೋಷಿತವಾದ ಮೇಲೆ ಯುದ್ಧಗಳೂ ದಳಪತಿಗಳೂ ಹೆಸರುಕೊಟ್ಟರು. ವಾಮಂಗ ಎಂಬ ನಗರವು 1824ರ ಯುದ್ಧದ ನೆನಪಿಗಾಗಿ 1825ರಲ್ಲಿ ಆಯಾಕುಚೊ ಆಯಿತು. ಆಯಾಕುಚೊ ಎಂದರೆ ಹೆಣಗಳ ಮೂಲೆ. ವೈಲಾಸ್ ಎಂಬ ವಿಭಾಗವು 1839ರ ಯುಂಗಾಯ್ ಯುದ್ಧದ ಬಳಿಕ, ರಣರಂಗದ ಪಕ್ಕದಲ್ಲಿ ಹರಿಯುತ್ತಿದ್ದ ತೊರೆಯ ಹೆಸರಿನಿಂದ ಆಂಕಾಶ್ ಆಯಿತು. ಇಂದು ಆಂಕಾಶಿನ 20 ಪ್ರಾಂತಗಳಲ್ಲಿ ಪೊಮಬಂಬ, ಯುಂಗಾಯ್‌ಗಳ ನಡುವೆ ದಳಪತಿ ಲುಸುರಿಯಾಗನೂ ಮೇಲೆ ಹೇಳಿದ ರೈಮೊಂದಿಯೂ ಒಂದೊಂದು ಪ್ರಾಂತವಾಗಿ ಕುಳಿತಿದ್ದಾರೆ. ಆದರೆ ಆ ಶ್ರೇಣಿಯ ಶಿಖರಗಳ ಹೆಸರುಗಳು ಬಹುಪಾಲು ಕೆಚುವಾವಾಗಿಯೇ ಉಳಿದುವು. ಸರಕಾರಕ್ಕೆ ಕಂದಾಯ ಬರುವುದು ಕಣಿವೆಯಿಂದ. ಹಿಮದ ಮೇಲಿನ ಬಂಡೆಗೆ ಹೊಸ ಹೆಸರಿಡುವ ಅವಸರ ಯಾರಿಗೂ ಇರಲಿಲ್ಲ. ಕೆಲವು ಸಲ ಬೆಟ್ಟವೇ ಜಿಲ್ಲೆಗೆ ಹೆಸರು ಕೊಟ್ಟಿದೆ: ಕುಸ್ಕೊ ಸೀಮೆಯ ಮಾಚುಪಿಕ್ಚು (ಮುದಿ ಶಿಖರ) ಇಂದು ಉರುಬಂಬ ಪ್ರಾಂತದ ಒಂದು ಜಿಲ್ಲೆ. ಸಾರ ಸಾರ ಒಂದು ಪ್ರಾಂತದ ಹೆಸರಿನಲ್ಲಿ ಸೇರಿದೆ.

ಬೆಟ್ಟದ ಹೆಸರುಗಳೆಲ್ಲ ಕೆಚುವಾವೆಂದು ತೀರ್ಮಾನಿಸುವುದೂ ಅವಸರವೇ. ಕುಸ್ಕೊ ಎಂದರೆ ಹೊಕ್ಕುಳು ಎಂದು ಇಂಕಾ ಗಾರ್ಸಿಲಾಸೊ 1609ರಲ್ಲಿ ಬರೆದನು. ಅಂದಿನಿಂದ ಇಂದಿನವರೆಗೆ ಪ್ರವಾಸದ ಪುಸ್ತಕಗಳೆಲ್ಲ ಅದನ್ನೇ ನಕಲುಮಾಡುತ್ತಿವೆ. ಕೆಚುವಾದಲ್ಲಿ ಹೊಕ್ಕುಳಿಗೆ 'ಪುಪು' ಎಂದಿರುವುದನ್ನು ಯಾರೂ ಯೋಚಿಸಿದಂತಿಲ್ಲ. ಪೆರುವಿನ ಭಾಷಾಶಾಸ್ತ್ರಜ್ಞ ರೊದೊಲ್ಫೊ ಸೆರೊನ್ ಪಲೊಮಿನೊ ಅವರು ಹಳೆಯ ಬರಹಗಳನ್ನು ಶೋಧಿಸಿ, ಈ ಹೆಸರು ನೆರೆಯ ಐಮಾರಾ ಭಾಷೆಯದೆಂದೂ 'ಗೂಬೆ ಕುಳಿತ ಬಂಡೆ' ಎಂಬುದರ ಸಂಕ್ಷೇಪವೆಂದೂ ವಾದಿಸಿದ್ದಾರೆ. ವಿಲ್ಕನೋತ ಎಂಬ ಪರ್ವತಶ್ರೇಣಿಯ ಹೆಸರೂ ಅಂಥದೇ. ಲುದೊವಿಕೊ ಬೆರ್ತೊನಿಯೊ 1612ರ ತನ್ನ ಐಮಾರಾ ನಿಘಂಟಿನಲ್ಲಿ 'ವಿಲ್ಕ' ಎಂಬುದು ಹಿಂದಿನವರು ಸೂರ್ಯನನ್ನು ಕರೆಯುತ್ತಿದ್ದ ಹೆಸರೆಂದು ಬರೆದಿದ್ದಾನೆ. 'ಉತ' ಎಂದರೆ ಮನೆ. ಆಗ ಅದು ಸೂರ್ಯನ ಮನೆಯಾಗುತ್ತದೆ. ಕೆಚುವಾ ನಿಘಂಟೊಂದನ್ನೇ ಹಿಡಿದು ಕುಳಿತವನಿಗೆ ಈ ಹೆಸರು ಕೊನೆಯವರೆಗೂ ಬಿಡಿಸುವುದಿಲ್ಲ.

ಕನ್ನಡದಲ್ಲಿ ಈ ಹೆಸರುಗಳನ್ನು ಬರೆಯುವಾಗ ವಕಾರವನ್ನು ವಕಾರವಾಗಿಯೂ, ಸ್ಪ್ಯಾನಿಷ್ ಜೆ ಅಕ್ಷರವನ್ನು ಹಕಾರವಾಗಿಯೂ ಬರೆದರೆ ಅರ್ಧದಷ್ಟು ತೊಡಕು ಪರಿಹಾರವಾಗುತ್ತದೆ. ಕುಸ್ಕೊವಿನ ಕೆಚುವಾದಲ್ಲಿರುವ ಮಹಾಪ್ರಾಣಗಳಿಗೆ ನಮ್ಮ ಲಿಪಿ ರೋಮನ್ ಲಿಪಿಗಿಂತ ಅನುಕೂಲವೂ ಹೌದು: 'ತಂತ' ಎಂದರೆ ಕೂಟ, 'ಥಂತ' ಎಂದರೆ ಹಳೆಯದಾಗಿ ಸವೆದದ್ದು. ಆದರೆ ಗಂಟಲನ್ನು ಬಿಗಿಹಿಡಿದು ಸಿಡಿಸುವ ಮೂರನೆಯ ತಕಾರದಿಂದ ಅದೇ ಶಬ್ದಕ್ಕೆ ರೊಟ್ಟಿ ಎಂಬ ಅರ್ಥ ಬರುತ್ತದೆ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಕಿರುನಾಲಗೆಯ ಕಕಾರಕ್ಕೆ ಬೇಕಾದರೆ ಕಕಾರದ ಕೆಳಗೆ ಚುಕ್ಕೆಯಿಡಬಹುದು. ಈ ಲೇಖನದಲ್ಲಿ ಓದಿನ ಸೌಕರ್ಯಕ್ಕಾಗಿ ಇಟ್ಟಿಲ್ಲ.

ಹೆಸರಿನ ಅರ್ಥ ಪಂಡಿತರ ವಿನೋದಕ್ಕೆ ಮಾತ್ರ ಎಂದು ಭಾವಿಸುವವರಿಗಾಗಿ ಒಂದು ಉದಾಹರಣೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ವಾಸ್ಕರಾನ್ ಶಿಖರದ ಬುಡದಲ್ಲಿ, ಯುಂಗಾಯ್ ಪ್ರಾಂತದಲ್ಲಿ, ರಾನ್ರಹಿರ್ಕ ಎಂಬ ಜಿಲ್ಲೆಯಿದೆ. 'ರಾನ್ರ' ಎಂದರೆ ಬಿಡಿಗಲ್ಲುಗಳ ರಾಶಿ, 'ಹಿರ್ಕ' ಎಂದರೆ ಬೆಟ್ಟ ಅಥವಾ ದಿಬ್ಬ. ಆ ಊರು ಕುಳಿತಿದ್ದ ನೆಲವು ಮೇಲಿನಿಂದ ಹಿಂದೆ ಉರುಳಿಬಂದ ಕಲ್ಲುಮಣ್ಣುಗಳು ಹರಡಿ ಆದದ್ದು. 1962ರ ಜನವರಿ 10ರಂದು ವಾಸ್ಕರಾನಿನ ಉತ್ತರ ಶಿಖರದಿಂದ ಹಿಮರಾಶಿಯೊಂದು ಕಳಚಿ, ಬಂಡೆ ಕೆಸರುಗಳನ್ನು ಕೂಡಿಕೊಂಡು ಕೆಲವೇ ನಿಮಿಷಗಳಲ್ಲಿ ಇಳಿದುಬಂದು ರಾನ್ರಹಿರ್ಕವನ್ನು ಮುಚ್ಚಿತು. ಸತ್ತವರು ಸುಮಾರು 4,000. 1970ರ ಮೇ 31ರ ಭೂಕಂಪದಲ್ಲಿ ಅದೇ ಶಿಖರದಿಂದ ಅದಕ್ಕಿಂತಲೂ ದೊಡ್ಡ ರಾಶಿ ಬಿದ್ದು ರಾನ್ರಹಿರ್ಕವನ್ನು ಮತ್ತೆ ಹೊಡೆದುದಲ್ಲದೆ, 1962ರಲ್ಲಿ ಒಂದು ಏಣಿನ ಮರೆಯಲ್ಲಿ ಉಳಿದುಕೊಂಡಿದ್ದ ಯುಂಗಾಯ್ ಪಟ್ಟಣವನ್ನೂ ಅಳಿಸಿಹಾಕಿತು. ಅಲ್ಲಿ ಬದುಕಿದವರಲ್ಲಿ ಕೆಲವರು ಊರಿನ ಸ್ಮಶಾನದ ದಿಬ್ಬವನ್ನು ಹತ್ತಿದವರು. ಯುಂಗಾಯನ್ನು ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಹೊಸದಾಗಿ ಕಟ್ಟಿದರು. ಹಳೆಯ ಪಟ್ಟಣದ ನೆಲದಲ್ಲಿ ನಾಲ್ಕು ತಾಳೆಯ ಮರಗಳೂ ಇಗರ್ಜಿಯ ಗೋಡೆಯ ತುಣುಕೂ ಉಳಿದಿದ್ದುವು. ರಾನ್ರಹಿರ್ಕವು ಹಳೆಯ ಹೆಸರಿನಿಂದಲೇ ಇಂದಿಗೂ ಜಿಲ್ಲೆಯಾಗಿದೆ.