ಓರಿಯೆಂಟೇಶನ್: ಒಂದು ಪದ, ಐದು ಅರ್ಥ, ಒಂದು ಎಚ್ಚರಿಕೆ

ಇವತ್ತಿನ ಸಂಚಿಕೆ ಪೂರ್ತಿ ಒಂದೇ ಪದದ ಬಗ್ಗೆ: ಓರಿಯೆಂಟೇಶನ್. ಕಾಲೇಜಿಗೆ ಸೇರಿದ ಮೊದಲ ದಿನವೇ ಇದು ಕಿವಿಗೆ ಬೀಳುತ್ತೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಇದೆ, ಮನೆ ಪ್ಲಾನ್‌ನಲ್ಲಿ ಇದೆ, ಆಸ್ಪತ್ರೆಯ ಕೇಸ್ ಶೀಟ್‌ನಲ್ಲಿ ಇದೆ, ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಇದೆ. ಇಷ್ಟೊಂದು ಕಡೆ ಒಂದೇ ಪದ ಹೇಗೆ ಬಂತು? ಕನ್ನಡದಲ್ಲಿ ಅದನ್ನ ತಪ್ಪಾಗಿ ಹೇಳಿದ್ರೆ ಯಾರಿಗೆ ತೊಂದರೆ? ನೋಡೋಣ ಬನ್ನಿ.

ಮೊದಲು ಹುಟ್ಟು. ಲ್ಯಾಟಿನ್‌ನಲ್ಲಿ 'ಓರಿಯೆನ್ಸ್' ಅಂದ್ರೆ ಮೂಡುತ್ತಿರುವ ಸೂರ್ಯ, ಹಾಗಾಗಿ ಪೂರ್ವ ದಿಕ್ಕು. ಕಟ್ಟಡವನ್ನ, ಅದರಲ್ಲೂ ಚರ್ಚನ್ನ, ಪೂರ್ವಕ್ಕೆ ಹೊಂದಿಸಿ ಕಟ್ಟೋದು ಈ ಪದದ ಹಳೆಯ ಅರ್ಥ. ನಮಗಿದು ಹೊಸ ಯೋಚನೆ ಏನಲ್ಲ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಅಂದ್ರೆ ಮುಳುಗುವ ಕಡೆ ಪಡುವಣ. ಸಂಸ್ಕೃತದ ಲೆಕ್ಕವೂ ಅಷ್ಟೇ: ಪೂರ್ವ ಅಂದ್ರೆ ಮುಂದಿನದು, ಪಶ್ಚಿಮ ಹಿಂದಿನದು, ದಕ್ಷಿಣ ಅಂದ್ರೆ ಬಲಗಡೆ. ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತು ನೋಡಿ, ದಕ್ಷಿಣ ನಿಮ್ಮ ಬಲಗೈ ಕಡೆಗೇ ಇರುತ್ತೆ. ದೇವರನ್ನ ಬಲಕ್ಕಿಟ್ಟುಕೊಂಡು ಸುತ್ತೋದು ಪ್ರದಕ್ಷಿಣೆ ಆಗಿದ್ದೂ ಹಾಗೇ.

ಅಂದ್ರೆ ಓರಿಯೆಂಟೇಶನ್ ಹೇಳೋದು ನೀವು ಎಲ್ಲಿದ್ದೀರಿ ಅಂತ ಅಲ್ಲ, ನಿಮ್ಮ ಮುಖ ಯಾವ ಕಡೆಗಿದೆ ಅಂತ. ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಸಲೀಸು.

ನಮ್ಮ ಏರಿಯಾದಿಂದಲೇ ಶುರು ಮಾಡ್ತೀನಿ. ರಾಜಾಜಿನಗರದ ಅಡ್ರೆಸ್‌ಗಳಲ್ಲಿ 'ವೆಸ್ಟ್ ಆಫ್ ಕಾರ್ಡ್ ರೋಡ್' ಅಂತ ಇರುತ್ತಲ್ಲ, ಅದು ಜಾಗ ಹೇಳುತ್ತೆ. ವಿಜಯನಗರದಲ್ಲಿ '30*40, ಈಸ್ಟ್ ಫೇಸಿಂಗ್' ಅಂತ ಬೋರ್ಡ್ ಹಾಕಿದ್ರೆ, ಅದು ಮುಖ ಹೇಳುತ್ತೆ. ಅದೇ ಮನೆ ತಾರಸಿ ಮೇಲೆ ನೋಡಿ: ಬಾಗಿಲು ಯಾವ ದಿಕ್ಕಿಗಿದ್ರೂ ಸೋಲಾರ್ ಹೀಟರ್ ಮಾತ್ರ ದಕ್ಷಿಣಕ್ಕೆ ವಾಲಿರುತ್ತೆ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ವರ್ಷದ ಹೆಚ್ಚಿನ ದಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರ್ತಾನೆ. ಬಸವೇಶ್ವರನಗರದ ಗಲ್ಲಿಯಲ್ಲಿ ದಿಕ್ಕು ತಪ್ಪಿದ್ರೆ ತಲೆ ಎತ್ತಿ ನೋಡಿ, ದಕ್ಷಿಣ ಯಾವ ಕಡೆ ಅಂತ ತಾರಸಿಗಳೇ ಹೇಳುತ್ವೆ.

ಇನ್ನು ಫೋನು. ಮ್ಯಾಪ್‌ನಲ್ಲಿ ಕಾಣೋ ನೀಲಿ ಚುಕ್ಕೆ ನೀವಿರೋ ಜಾಗ, ಅದು ಜಿಪಿಎಸ್ ಕೆಲಸ. ಚುಕ್ಕೆಯಿಂದ ಚಾಚಿರೋ ಬೆಳಕಿನ ಕೋನ ನಿಮ್ಮ ಮುಖ. ನಿಂತಲ್ಲೇ ನಿಂತಿದ್ರೆ ಆ ದಿಕ್ಕನ್ನ ಜಿಪಿಎಸ್ ಹೇಳಲಾರದು. ಭೂಮಿಯ ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರ್ ಅನ್ನೋ ಸೆನ್ಸರ್ ಬೇಕು. ಸುತ್ತ ಕಬ್ಬಿಣ, ಉಕ್ಕು ಜಾಸ್ತಿ ಇದ್ರೆ ಅದು ಎಡವುತ್ತೆ. ಹಾಗಾಗಿ ಮೆಟ್ರೋ ಸ್ಟೇಷನ್ ಇಳಿದ ತಕ್ಷಣ ಚುಕ್ಕೆ ಸರಿ ಇದ್ರೂ ಕೋನ ತಪ್ಪಿರಬಹುದು. ಉಪಾಯ ಎರಡು: ಫೋನನ್ನ ಗಾಳಿಯಲ್ಲಿ 8ರ ಆಕಾರದಲ್ಲಿ ತಿರುಗಿಸಿ, ಇಲ್ಲಾ ಹತ್ತಿಪ್ಪತ್ತು ಹೆಜ್ಜೆ ನಡೆದು ಚುಕ್ಕೆ ಯಾವ ಕಡೆ ಸರಿಯುತ್ತೆ ನೋಡಿ.

ಮೂರನೆಯದು ಕಾಲೇಜು. ಎಂಜಿನಿಯರಿಂಗ್‌ನ ಹೊಸ ವಿದ್ಯಾರ್ಥಿಗಳಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮದ ಮಾದರಿಯನ್ನ ಎಐಸಿಟಿಇ ರೂಪಿಸಿದೆ. ನಾವದನ್ನ ಸಲೀಸಾಗಿ ಓರಿಯೆಂಟೇಶನ್ ಅಂತೀವಿ. ಹಳ್ಳಿಯ ಕನ್ನಡ ಮೀಡಿಯಂನಿಂದ ಕೆಂಗೇರಿ ಕಡೆಯ ಕಾಲೇಜಿಗೆ ಬಂದು ಹಾಸ್ಟೆಲ್ ಸೇರೋ ಹುಡುಗಿಗೆ ಭಾಷಣಕ್ಕಿಂತ ಬೇಕಾಗಿರೋದು ಬೇರೆ. ಲೈಬ್ರರಿ ಕಾರ್ಡ್ ಎಲ್ಲಿ ಮಾಡಿಸ್ಬೇಕು, ಸ್ಕಾಲರ್‌ಶಿಪ್‌ಗೆ ಯಾರನ್ನ ಕೇಳ್ಬೇಕು, ಯಾರಾದ್ರೂ ಕಾಡಿಸಿದ್ರೆ ಯಾರ ಹತ್ರ ಹೋಗ್ಬೇಕು, ಇಷ್ಟು ಗೊತ್ತಾಗ್ಬೇಕು. ಇಲ್ಲಿ ಓರಿಯೆಂಟೇಶನ್ ಅಂದ್ರೆ ದಾರಿ ಪರಿಚಯ.

ನಾಲ್ಕನೆಯದು ಆಸ್ಪತ್ರೆ. ವಯಸ್ಸಾದವರನ್ನ ಡಾಕ್ಟರ್ ಕೇಳ್ತಾರೆ: 'ಇವತ್ತು ಯಾವ ವಾರ ಅಜ್ಜಿ? ಈಗ ಎಲ್ಲಿದ್ದೀರ? ಇವರು ಯಾರು ಗೊತ್ತಾಯ್ತಾ?' ಕಾಲ, ಸ್ಥಳ, ವ್ಯಕ್ತಿ, ಈ ಮೂರರ ಅರಿವೇ ಅಲ್ಲಿನ ಓರಿಯೆಂಟೇಶನ್. ಇದು ವರ್ಷಗಟ್ಟಲೆ ನಿಧಾನವಾಗಿ ಕುಂದಿದ್ರೆ ಡಿಮೆನ್ಷಿಯಾ ಇರಬಹುದು. ನಿನ್ನೆವರೆಗೂ ಸರಿಯಿದ್ದವರು ಇವತ್ತು ಇದ್ದಕ್ಕಿದ್ದ ಹಾಗೆ ಮನೆಯವರ ಗುರುತು ಹಿಡೀತಿಲ್ಲ ಅಂದ್ರೆ ಅದನ್ನ 'ವಯಸ್ಸಾಯ್ತು ಬಿಡಿ' ಅಂತ ತಳ್ಳಿಹಾಕಬೇಡಿ. ಸೋಂಕು, ಸೋಡಿಯಂ ಕಮ್ಮಿ ಆಗೋದು, ಮಾತ್ರೆಗಳ ಅಡ್ಡಪರಿಣಾಮ, ಪಾರ್ಶ್ವವಾಯು, ಯಾವುದು ಬೇಕಾದ್ರೂ ಕಾರಣ ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಐದನೆಯದಕ್ಕೆ ಬರ್ತೀನಿ. ನಾನು ಈ ಸಂಚಿಕೆ ಮಾಡ್ತಿರೋದೇ ಇದಕ್ಕೆ. ಸೆಕ್ಷುಯಲ್ ಓರಿಯೆಂಟೇಶನ್ ಅನ್ನೋದನ್ನ ಹಲವು ಅನುವಾದಗಳಲ್ಲಿ 'ಲೈಂಗಿಕ ದೃಷ್ಟಿಕೋನ' ಅಂತ ಬರೀತಾರೆ. ದೃಷ್ಟಿಕೋನ ಅಂದ್ರೆ ಅಭಿಪ್ರಾಯ. ಚರ್ಚೆ ಮಾಡಿ, ಬುದ್ಧಿ ಹೇಳಿ ಬದಲಾಯಿಸಬಹುದಾದದ್ದು. ಯಾರ ಕಡೆ ಮನಸ್ಸು ವಾಲುತ್ತೆ ಅನ್ನೋದು ಅಭಿಪ್ರಾಯ ಅಲ್ಲ. ಒಬ್ಬ ಹುಡುಗ ಮನೆಯಲ್ಲಿ ಧೈರ್ಯ ಮಾಡಿ ಹೇಳ್ಕೊಂಡಾಗ ಅಪ್ಪ ಅಮ್ಮ ಅದನ್ನ ದೃಷ್ಟಿಕೋನ ಅಂತ ತಿಳಿದ್ರೆ, 'ಸರಿ ಮಾಡಿಸೋಣ' ಅಂತ ಓಡಾಡೋಕೆ ಶುರು ಮಾಡ್ತಾರೆ. ಪದದ ತಪ್ಪು ಅಲ್ಲಿಗೆ ಮುಟ್ಟುತ್ತೆ.

ವೈದ್ಯಕೀಯ ಮತ್ತು ಕಾನೂನು ಏನು ಹೇಳುತ್ತೆ? ಸಲಿಂಗ ಪ್ರೇಮವನ್ನ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೀತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. 'ಬದಲಾಯಿಸ್ತೀವಿ' ಅನ್ನೋ ಕನ್ವರ್ಷನ್ ಥೆರಪಿಯನ್ನ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿ ದುರ್ನಡತೆ ಅಂತ ಕರೆದಿದೆ. ಯಾರಾದ್ರೂ ಡಾಕ್ಟರ್ ಅಂಥ ಚಿಕಿತ್ಸೆ ಕೊಡ್ತೀನಿ ಅಂದ್ರೆ ಇದನ್ನ ನೆನಪಿಸಿ.

ಹಾಗಾದ್ರೆ ಕನ್ನಡದಲ್ಲಿ ಏನನ್ನೋಣ? ಒಂದೇ ಪದ ಎಲ್ಲಾ ಕಡೆ ಹೊಂದಲ್ಲ, ಹೊಂದಬೇಕಾಗಿಯೂ ಇಲ್ಲ. ಮನೆಗೆ ಮುಖ, ಮ್ಯಾಪಿಗೆ ದಿಕ್ಕು, ಕಾಲೇಜಿಗೆ ಪರಿಚಯ, ಆಸ್ಪತ್ರೆಯಲ್ಲಿ ಅರಿವು, ಮನಸ್ಸಿಗೆ ಒಲವು. 'ಲೈಂಗಿಕ ಒಲವು' ಅನ್ನೋದು ಈಗಾಗಲೇ ಬಳಕೆಯಲ್ಲಿದೆ, ಅದನ್ನೇ ಬಳಸೋಣ. ಫೋನನ್ನ ತಿರುಗಿಸಬಹುದು, ಹೊಸಬರಿಗೆ ದಾರಿ ತೋರಿಸಬಹುದು. ಒಲವನ್ನ ಮಾತ್ರ ಇನ್ನೊಬ್ಬರು ತಿರುಗಿಸೋಕಾಗಲ್ಲ.

ಈ ಸಂಚಿಕೆಯನ್ನ ಮನೆಯವರ ಜೊತೆ ಇನ್ನೊಮ್ಮೆ ಕೇಳಿ. ಮುಂದಿನ ವಾರ ಬೇರೊಂದು ಪದ ಹಿಡ್ಕೊಂಡು ಬರ್ತೀನಿ.