ಪೊರೆಯೊಳಗೊಂದು ಕಿವಿ

ರಾತ್ರಿ ಊಟ ಮುಗಿಸಿ ಕೊಲೆಸ್ಟರಾಲ್ ಮಾತ್ರೆ ನುಂಗುವವರು ಈಗ ಮನೆಗೊಬ್ಬರಾದರೂ ಸಿಗುತ್ತಾರೆ. ಸ್ಟ್ಯಾಟಿನ್ ಎಂಬ ಆ ಮಾತ್ರೆ ಹೋಗಿ ತಡೆಯುವುದು ಒಂದು ಕಿಣ್ವವನ್ನು: ಎಚ್‌ಎಂಜಿ-ಕೋಎ ರಿಡಕ್ಟೇಸ್. ಹೆಸರು ಬಾಯಿಗೆ ಕಷ್ಟ, ರಿಡಕ್ಟೇಸ್ ಎಂದರೆ ಸಾಕು.

ನಮ್ಮ ಮೈಯಲ್ಲಿರುವ ಕೊಲೆಸ್ಟರಾಲ್‌ನ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ಜೀವಕೋಶಗಳೇ ಮಾಡಿಕೊಂಡದ್ದು. ಪಾಪ, ಬೈಸಿಕೊಳ್ಳುವುದು ಮಾತ್ರ ತುಪ್ಪ! ಈ ತಯಾರಿಕೆಯ ಹತ್ತಾರು ಹಂತಗಳಲ್ಲಿ ವೇಗವನ್ನು ಹಿಡಿದಿಟ್ಟಿರುವುದು ರಿಡಕ್ಟೇಸ್ ನಡೆಸುವ ಹಂತ. ಯಕೃತ್ತಿನಲ್ಲಿ ಈ ಕೆಲಸ ರಾತ್ರಿ ಜೋರು. ಅದಕ್ಕೇ ಬೇಗ ಕರಗಿಹೋಗುವ ಸಿಮ್ವಾಸ್ಟ್ಯಾಟಿನ್ನಿನಂಥ ಮಾತ್ರೆಯನ್ನು ರಾತ್ರಿ ಕೊಡುವುದು.

ಮನುಷ್ಯರ ರಿಡಕ್ಟೇಸ್ 888 ಅಮೈನೊ ಆಮ್ಲಗಳ ಸರ. ಸರದ ಮೊದಲ ಭಾಗ ಜೀವಕೋಶದೊಳಗಿನ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯನ್ನು ಎಂಟು ಸಲ ದಾಟುತ್ತದೆ, ಕೌದಿಗೆ ಹಾಕಿದ ಹೊಲಿಗೆಯ ಹಾಗೆ. ಉಳಿದ ಭಾಗ ಪೊರೆಯಿಂದ ಹೊರಚಾಚಿ, ನಾಲ್ಕು ನಾಲ್ಕು ಒಟ್ಟುಗೂಡಿ, ರಾಸಾಯನಿಕ ಕೆಲಸ ಮಾಡುತ್ತದೆ. ಹಾಗಾದರೆ ಪೊರೆಯಲ್ಲಿ ಹೂತ ಭಾಗಕ್ಕೇನು ಕೆಲಸ? ಬರೀ ಲಂಗರೇ?

ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರ ತಂಡ ಆ ಭಾಗವನ್ನು ತೆಗೆದುಹಾಕಿಯೇ ನೋಡಿತು. 1985ರ ಆ ಪ್ರಯೋಗದಲ್ಲಿ ಕಿಣ್ವವೇನೋ ಎಂದಿನಂತೆ ದುಡಿಯಿತು. ಆದರೆ ಕೊಲೆಸ್ಟರಾಲ್ ಜಾತಿಯ ಸ್ಟೆರಾಲ್‌ಗಳು ತುಂಬಿದಾಗ ಬೇಗ ಒಡೆದುಹೋಗಬೇಕಾದ್ದು ಒಡೆಯಲೇ ಇಲ್ಲ. ಅಂದರೆ ಪೊರೆಯೊಳಗಿನದು ಕಿಣ್ವದ ಕಿವಿ. ಸಾಕೆಂಬ ಸುದ್ದಿ ಅಲ್ಲಿಗೆ ತಲುಪಿದರೆ ಇನ್ಸಿಗ್ ಎಂಬ ಪ್ರೋಟೀನು ಬಂದು ಅಂಟಿಕೊಳ್ಳುತ್ತದೆ, ಕಿಣ್ವಕ್ಕೆ ಯುಬಿಕ್ವಿಟಿನ್ ಚೀಟಿ ಬೀಳುತ್ತದೆ, ಜೀವಕೋಶ ಅದನ್ನು ಪುಡಿಮಾಡುತ್ತದೆ.

ಇನ್ನು ಈ ಕಿಣ್ವವನ್ನು ತಡೆಯುವ ಸ್ಟ್ಯಾಟಿನ್ ಸಿಕ್ಕಿದ್ದು ಅಕ್ಕಿಯಲ್ಲಿ. ಜಪಾನಿನ ಅಕಿರಾ ಎಂಡೊ ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಜಾಲಾಡಿ, ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯ ಮೇಲಿನ ಬೂಷ್ಟಿನಿಂದ 1973ರಲ್ಲಿ ಕಾಂಪ್ಯಾಕ್ಟಿನ್ ಎಂಬ ಸ್ಟ್ಯಾಟಿನ್ ಪಡೆದರು. ಅದರ ಒಂದು ತುದಿ ರಿಡಕ್ಟೇಸ್ ಹಿಡಿಯಬೇಕಾದ ಎಚ್‌ಎಂಜಿಯಂತೆಯೇ ಇದೆ. ರಿಡಕ್ಟೇಸ್ ಮೋಸಹೋಗಿ ಅದನ್ನೇ ಹಿಡಿದು ಕೂರುತ್ತದೆ.

ಆದರೆ ಜೀವಕೋಶ ಸುಮ್ಮನಿರುವುದಿಲ್ಲ. ಕೊಲೆಸ್ಟರಾಲ್ ಸಾಲದೆಂದು ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಎಲ್‌ಡಿಎಲ್ ಕಣಗಳನ್ನು ಹಿಡಿಯುವ ಕೊಂಡಿಗಳನ್ನು ಹೆಚ್ಚಿಸುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಎಲ್‌ಡಿಎಲ್ ಇಳಿಯುವುದು ಮುಖ್ಯವಾಗಿ ಯಕೃತ್ತಿನ ಈ ಕೊಂಡಿಗಳಿಂದ. ಜೊತೆಗೆ ರಿಡಕ್ಟೇಸನ್ನೂ ಇನ್ನಷ್ಟು ತಯಾರಿಸುತ್ತದೆ. ಕಾಂಪ್ಯಾಕ್ಟಿನ್‌ಗೆ ಒಗ್ಗಿಸಿ ಬೆಳೆಸಿದ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಈ ಹಟ ಅತಿರೇಕಕ್ಕೆ ಹೋಯಿತು. ಅಷ್ಟೊಂದು ಕಿಣ್ವ ಕೂರಲು ಇದ್ದ ಪೊರೆ ಸಾಲದೆ, ಹೊಸ ಪೊರೆ ನಳಿಗೆ ನಳಿಗೆಯಾಗಿ ಒತ್ತೊತ್ತಾಗಿ ಬೆಳೆಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಥೇಟ್ ಜೇನುಹಟ್ಟಿ.