ಮಾರ್ಮನ್ ಸಭೆಗೆ ಸೇರುವುದು ಹೇಗೆ?

ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಸಭೆಯವರನ್ನು ಲೋಕ ಮಾರ್ಮನ್ನರು ಎನ್ನುತ್ತದೆ. ಅದರ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಬೈಬಲ್ಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಕೂಡ ಇವರ ಧರ್ಮಗ್ರಂಥ.

ಸೇರುವ ಮೆಟ್ಟಿಲುಗಳನ್ನು ಬೇಗ ಹತ್ತಿಬಿಡೋಣ. ಮಿಷನರಿಗಳು ಇಬ್ಬಿಬ್ಬರಾಗಿ ಬಂದು ಪಾಠ ಹೇಳುತ್ತಾರೆ. ಕಲಿಯುವವರು ಬುಕ್ ಆಫ್ ಮಾರ್ಮನ್ ಓದಿ, ಇದು ನಿಜವೇ ಎಂದು ಪ್ರಾರ್ಥನೆಯಲ್ಲಿ ದೇವರನ್ನೇ ಕೇಳಬೇಕು. ಮದ್ಯ, ತಂಬಾಕು, ಚಹಾ, ಕಾಫಿ ಬಿಡಬೇಕು (ನಮ್ಮ ಫಿಲ್ಟರ್ ಕಾಫಿಗೂ ರಿಯಾಯಿತಿಯಿಲ್ಲ!). ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಕೊಡಲು ಒಪ್ಪಬೇಕು. ಆಮೇಲೆ ಸಂದರ್ಶನ, ಅದಾದ ಮೇಲೆ ದೀಕ್ಷಾಸ್ನಾನ. ಎಂಟು ವರ್ಷ ತುಂಬದ ಮಕ್ಕಳಿಗೆ ಅದಿಲ್ಲ. ಬಿಳಿ ಉಡುಪಿನಲ್ಲಿ ಪೂರ್ತಿ ಮುಳುಗಬೇಕು. ಮೈಯ ಯಾವುದೇ ಭಾಗ ನೀರಿನ ಮೇಲುಳಿದರೆ ಮತ್ತೆ ಮುಳುಗಿಸುತ್ತಾರೆ. ಅದನ್ನು ನೋಡಲೆಂದೇ ಇಬ್ಬರು ಸಾಕ್ಷಿಗಳಿರುತ್ತಾರೆ! ಬಳಿಕ ತಲೆಯ ಮೇಲೆ ಕೈಯಿಟ್ಟು ಸದಸ್ಯತ್ವವನ್ನು ದೃಢೀಕರಿಸುತ್ತಾರೆ. ಬೇರೆ ಕ್ರೈಸ್ತ ಪಂಗಡದಿಂದ ಬಂದವರೂ ಹೊಸದಾಗಿ ಮುಳುಗಲೇಬೇಕು.

ಹೆಚ್ಚಿನವರು ಎಡವುವುದು ಮುಂದಿನ ಪ್ರಶ್ನೆಯಲ್ಲಿ: ಮನೆಮನೆಯ ಬಾಗಿಲು ತಟ್ಟುವುದರಿಂದಲೇ ಜನ ಸೇರುತ್ತಾರೆಯೇ? ಸಮಾಜಶಾಸ್ತ್ರಜ್ಞರಾದ ರಾಡ್ನಿ ಸ್ಟಾರ್ಕ್ ಮತ್ತು ವಿಲಿಯಂ ಬೇನ್‌ಬ್ರಿಜ್ 1980ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ಕೊಡುತ್ತದೆ. ವಾಷಿಂಗ್ಟನ್ ರಾಜ್ಯದ ಮಿಷನರಿ ದಾಖಲೆಗಳ ಪ್ರಕಾರ, ಸುಮ್ಮನೆ ಬಾಗಿಲು ತಟ್ಟಿದಾಗ ಫಲ ಸಿಕ್ಕಿದ್ದು ಶೇ. 0.1ರಷ್ಟು. ಮಾರ್ಮನ್ ಗೆಳೆಯರ ಅಥವಾ ನೆಂಟರ ಮನೆಯಲ್ಲೇ ಮಿಷನರಿಗಳನ್ನು ಭೇಟಿಯಾದವರಲ್ಲಿ ಅದು ಶೇ. 50.

ಆದರೆ ಅವಸರ ಬೇಡ. ಗೆಳೆಯನ ಮನೆಗೆ ಪಾಠ ಕೇಳಲು ಬರುವಾತ ಆಗಲೇ ಅರ್ಧ ದಾರಿ ನಡೆದಿರುತ್ತಾನೆ. ಹಾಗಾಗಿ ಆ ಐವತ್ತರಲ್ಲಿ ಗೆಳೆತನದ ಪಾಲೆಷ್ಟು, ಮೊದಲೇ ಇದ್ದ ಒಲವಿನ ಪಾಲೆಷ್ಟು ಎಂದು ಬರೀ ಅಂಕಿಯಿಂದ ಬಿಡಿಸಲಾಗದು.

ಹಾಗಾದರೆ ಪ್ರಾರ್ಥನೆಯ ಪಾತ್ರವೇನು? ನಂಬುವವರ ಪಾಲಿಗೆ ನಿರ್ಣಯಿಸುವುದು ಅದೇ, ಗೆಳೆತನವಲ್ಲ. ನನಗೆ ಬಹಳ ಕುತೂಹಲ ಹುಟ್ಟಿಸುವುದು ಇವೆರಡೂ ಕೂಡುವ ಜಾಗ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಸದಸ್ಯರು ಉಪವಾಸವಿದ್ದು, ಒಬ್ಬೊಬ್ಬರೇ ಎದ್ದು ತಮಗೆ ನಂಬಿಕೆ ಬಂದ ಬಗೆಯನ್ನು ಹೇಳುತ್ತಾರೆ. ಎದೆ ಬೆಚ್ಚಗಾಯಿತು, ಮನಸ್ಸು ತಿಳಿಯಾಯಿತು ಎಂಬಂಥ ಮಾತುಗಳು ಹೊಸಬರ ಕಿವಿಗೆ ಬೀಳುತ್ತವೆ. ದೇವರ ಉತ್ತರಕ್ಕಾಗಿ ಒಬ್ಬರೇ ಕಾದು ಕೂತರೂ, ಯಾವುದನ್ನು ಉತ್ತರವೆಂದು ಗುರುತಿಸಬೇಕು ಎಂಬುದನ್ನು ಅವರು ಬಳಗದಿಂದಲೇ ಕಲಿತಿರುತ್ತಾರೆ.

ಹೀಗೆ ಮತಾಂತರವು ಒಂಟಿ ನಿರ್ಧಾರವೂ ಹೌದು, ಬಳಗ ಬದಲಿಸುವ ಕೆಲಸವೂ ಹೌದು. ಇದು ನಮಗೂ ದೂರದ ಮಾತಲ್ಲ: ಸಭೆಯು ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಸಾರಿತು. ಜಾತಿ, ಕೂಡುಕುಟುಂಬಗಳ ನಮ್ಮ ನಾಡಿನಲ್ಲಿ ಬಳಗದ ಸೆಳೆತ ಅಮೆರಿಕದಲ್ಲಿದ್ದಂತೆಯೇ ಇದ್ದೀತೇ? ಸಮಾಜಶಾಸ್ತ್ರ ಓದುತ್ತಿರುವ ಯಾರಾದರೂ ಸೇರಿದವರನ್ನೂ, ಪಾಠ ಕೇಳಿ ಸೇರದೆ ಉಳಿದವರನ್ನೂ ಮಾತಾಡಿಸಿ ಕನ್ನಡದಲ್ಲಿ ಬರೆಯಬೇಕು. ಸೇರದವರನ್ನು ಬಿಟ್ಟರೆ ಅಧ್ಯಯನ ಅರ್ಧವೇ.